ಹಸ್ತ ಮಳೆಗೆ ಚೀನಾ ಕೋಸು



ಉತ್ತರೆ ಮಳೆ ಮುಗಿಯುತ್ತ ಬಂತು, ಹಸ್ತ ಹುಟ್ಟುವುದಕ್ಕೆ ಇನ್ನು ಕೆಲವೇ ದಿನ. ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಕಡೆ ಹಿತ್ತಲಿರುವವರು, ಹಿತ್ತಲಿಲ್ಲದೆ ತಾರಸಿಯ ಮೇಲೆ ನಾಲ್ಕು ಕುಂಡ ಇಟ್ಟುಕೊಂಡವರು, ಈ ವಾರದಲ್ಲೇ ಚೀನಾ ಕೋಸಿನ ಬೀಜ ಹಾಕಿಬಿಡಿ ಎಂದು ಕೇಳಿಕೊಳ್ಳಲು ನಾನು ಬಂದಿದ್ದೇನೆ. ಈಗ ಹಾಕಿದ ಬೀಜ ಡಿಸೆಂಬರ್ ಹೊತ್ತಿಗೆ ಎರಡು ಕೈಯಲ್ಲಿ ಎತ್ತುವಂಥ ಗಡ್ಡೆಯಾಗುತ್ತದೆ. ಅದೇ ಬೀಜವನ್ನು ಶಿವರಾತ್ರಿ ಕಳೆದ ಮೇಲೆ ಹಾಕಿ, ಅದೇ ಮಣ್ಣು, ಅದೇ ಗೊಬ್ಬರ, ಅದೇ ಆರೈಕೆ ಮಾಡಿದರೂ ಎಲೆ ಹರಡಿಕೊಂಡು ನಿಲ್ಲುತ್ತದೆಯೇ ಹೊರತು ಗಡ್ಡೆ ಕಟ್ಟುವುದಿಲ್ಲ. ಹೊಸಬರು ಈ ಗಿಡವನ್ನು ಕೈಬಿಡುವುದಕ್ಕೆ ಬಹುಮಟ್ಟಿಗೆ ಇದೊಂದೇ ಕಾರಣ. ಬೀಜ ಕೆಟ್ಟದ್ದು, ನಮ್ಮ ಮಣ್ಣಿಗೆ ಒಗ್ಗುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಬೀಜದ ತಪ್ಪೂ ಇಲ್ಲ, ಮಣ್ಣಿನ ತಪ್ಪೂ ಇಲ್ಲ. ಕಾಲ ತಪ್ಪಿರುತ್ತದೆ, ಅಷ್ಟೆ.

ಇದು ಬಿಸಿಲಿನಿಂದ ಚಳಿಯ ಕಡೆಗೆ ಇಳಿಯುವ ಕಾಲದ ಬೆಳೆ. ಬೀಜಿಂಗಿನ ಸುತ್ತಮುತ್ತ ರೈತರು ಇದನ್ನು ಬಿತ್ತುವುದು ಆಗಸ್ಟ್ ಮೊದಲ ಭಾಗದಲ್ಲಿ, ಅವರ ಪಂಚಾಂಗದ ಪ್ರಕಾರ ಶರದೃತು ಕಾಲಿಡುವ ಹೊತ್ತಿಗೆ. ಸಸಿ ಏಳುವಾಗ ಇನ್ನೂ ಬೇಸಿಗೆಯ ಕಾವು ಇರುತ್ತದೆ, ಎಲೆ ಬಲಿಯುವಾಗ ಹಿತವಾದ ತಂಪು, ಗಡ್ಡೆ ಬಿಗಿಯುವಾಗ ಚಳಿ. ನವೆಂಬರಿನಲ್ಲಿ ಹಿಮ ಬೀಳುವ ಮೊದಲು ಕಿತ್ತು ಮನೆ ಸೇರಿಸುತ್ತಾರೆ. 1980ರ ದಶಕದವರೆಗೂ ಬೀಜಿಂಗಿನ ಮನೆಗಳಿಗೆ ಚಳಿಗಾಲದ ಮುಖ್ಯ ತರಕಾರಿ ಇದೇ ಆಗಿತ್ತು. ಅಂಗಳದಲ್ಲಿ, ಮೆಟ್ಟಿಲ ಬದಿಯಲ್ಲಿ, ಬಾಲ್ಕನಿಯಲ್ಲಿ ಅಟ್ಟಿ ಹಾಕಿ, ಹಳೆಯ ಕಂಬಳಿ ಹೊದಿಸಿ, ಚಳಿ ಮುಗಿಯುವ ತನಕ ಒಂದೊಂದಾಗಿ ಎತ್ತಿ ಅಡುಗೆ ಮಾಡುತ್ತಿದ್ದರು. ಕೊರಿಯಾದಲ್ಲೂ ಹೀಗೆಯೇ. ಚಳಿ ಶುರುವಾಗುವ ಹೊತ್ತಿಗೆ ಮನೆಮಂದಿ, ನೆರೆಹೊರೆಯವರು ಕೂಡಿ ಚೀನಾ ಕೋಸಿಗೆ ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಹಚ್ಚಿ ಕಿಮ್ಚಿ ಹಾಕುವ ಕೆಲಸಕ್ಕೆ ಕಿಮ್ಜಾಂಗ್ ಎನ್ನುತ್ತಾರೆ. ಅದನ್ನು 2013ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದರೆ ಹಸ್ತದಿಂದ ಮಾರ್ಗಶಿರದವರೆಗಿನ ಹವೆ ಅದೇ ದಿಕ್ಕಿಗೆ ಇಳಿಯುತ್ತದೆ. ಈ ಗಿಡಕ್ಕೆ ಬೇಕಾದ್ದು 15ರಿಂದ 20 ಡಿಗ್ರಿ. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲು 26–27 ಡಿಗ್ರಿಗೆ ಏರಿದರೂ ರಾತ್ರಿ 16ರ ಆಸುಪಾಸಿಗೆ ಇಳಿಯುತ್ತದೆ. ಆ ರಾತ್ರಿಯ ತಂಪಿನಲ್ಲಿ ಒಳ ಎಲೆಗಳು ಮಡಿಚಿಕೊಳ್ಳುತ್ತವೆ. ಧಾರವಾಡ, ಬೆಳಗಾವಿಯವರಿಗೂ ಇದೇ ಲೆಕ್ಕ. ಕಲಬುರಗಿ, ರಾಯಚೂರಿನವರು ಅಕ್ಟೋಬರ್ ಬಿಸಿಲು ಇಳಿಯಲಿ ಎಂದು ಕಾಯಬೇಕು. ಮಲೆನಾಡು, ಕೊಡಗಿನವರು ಮಳೆ ಪೂರ್ತಿ ಬಿಟ್ಟ ಮೇಲೆ ಹಾಕಲಿ, ಇಲ್ಲದಿದ್ದರೆ ಕೊಳೆರೋಗ ಬಿಡುವುದಿಲ್ಲ. ಕರಾವಳಿಯವರಿಗೆ ಗಡ್ಡೆಯ ಆಸೆ ಬೇಡ. ಅಲ್ಲಿ ಬೊಕ್ ಚಾಯ್ ಹಾಕಿ, ಅದೂ ಡಿಸೆಂಬರ್, ಜನವರಿಯಲ್ಲಿ.

ಬೊಕ್ ಚಾಯ್ ಎಂದೆ. ಚೀನಾ ಕೋಸಿನಲ್ಲಿ ಮನೆತೋಟಕ್ಕೆ ಬರುವವು ಮುಖ್ಯವಾಗಿ ಎರಡು ಬಗೆ. ಒಂದು, ಪೀಪಾಯಿಯ ಆಕಾರಕ್ಕೆ ಉದ್ದನೆಯ ಗಡ್ಡೆ ಕಟ್ಟುವುದು. ತಿಳಿ ಹಸಿರಿನ ಸುಕ್ಕುಸುಕ್ಕಾದ ಎಲೆ, ಅಗಲವಾದ ಬಿಳಿಯ ದಂಟು, ಅಂಗಡಿಯವರು ನಾಪಾ ಕ್ಯಾಬೇಜ್ ಎಂದು ಕೊಡುವುದು ಇದನ್ನೇ. ಇನ್ನೊಂದು ಗಡ್ಡೆ ಕಟ್ಟದ ಬೊಕ್ ಚಾಯ್. ಕಡು ಹಸಿರೆಲೆ, ಬುಡದಲ್ಲಿ ಉಬ್ಬಿದ ದಪ್ಪ ದಂಟು. ಗಡ್ಡೆಯ ಬಗೆಗೆ ಬೀಜದಿಂದ ಕೊಯ್ಲಿಗೆ 70–80 ದಿನ ಬೇಕು, ಬೊಕ್ ಚಾಯ್ 40–50 ದಿನಕ್ಕೆ ಮುಗಿಯುತ್ತದೆ. ಮೊದಲ ಸಲ ಬೆಳೆಯುವವರು ಬೊಕ್ ಚಾಯ್‌ನಿಂದಲೇ ಶುರು ಮಾಡಿ ಎನ್ನುತ್ತೇನೆ. ಅದು ಕುಂಡಕ್ಕೆ ಒಗ್ಗುತ್ತದೆ, ಹವೆ ಸ್ವಲ್ಪ ಹೆಚ್ಚುಕಡಿಮೆಯಾದರೂ ತಾಳಿಕೊಳ್ಳುತ್ತದೆ. ಅದರ ಕೆಲಸ ಕೈಗೆ ಹತ್ತಿದ ಮೇಲೆ ಗಡ್ಡೆಯ ಬಗೆಗೆ ಹೋಗಬಹುದು.

ಈ ಗಿಡದ ಸ್ವಭಾವ ತಿಳಿಯಬೇಕಾದರೆ ಅದರ ಬಳಗವನ್ನು ನೋಡಬೇಕು. ನಮ್ಮ ಎಲೆಕೋಸು, ಹೂಕೋಸು, ನವಿಲುಕೋಸು ಎಲ್ಲವೂ ಬ್ರಾಸಿಕಾ ಒಲೆರೇಸಿಯಾ ಎಂಬ ಒಂದೇ ಜಾತಿಯವು. ಚೀನಾ ಕೋಸು ಆ ಮನೆಯದಲ್ಲ, ಅದು ಬ್ರಾಸಿಕಾ ರಾಪಾ. ಟರ್ನಿಪ್ ಗಡ್ಡೆ, ಉತ್ತರ ಭಾರತದವರು ಎಣ್ಣೆಗೆ ಬೆಳೆಯುವ ತೋರಿಯಾ, ಹಳದಿ ಸರ್ಸೋಂ ಇವೆಲ್ಲ ಅದರ ಒಡಹುಟ್ಟು. ಹಿಮಾಚಲ ಪ್ರದೇಶದಲ್ಲಿ ಇದರ ತಳಿಗಳಿಗೆ ಸರ್ಸೋಂ ಎಂದೇ ಹೆಸರಿಟ್ಟಿದ್ದಾರೆ, ಸೋಲನ್ ಬಂದ್ ಸರ್ಸೋಂ ಅಂಥದೊಂದು. ಇನ್ನು ನಮ್ಮ ಒಗ್ಗರಣೆ ಡಬ್ಬಿಯ ಸಾಸಿವೆಗೂ ಇದಕ್ಕೂ ಇರುವ ನಂಟನ್ನು ಬಿಡಿಸಿ ತೋರಿಸಿದವರು ಊ ಜಾಂಗ್ ಚೂನ್ ಎಂಬ ವಿಜ್ಞಾನಿ. ತಂದೆ ಕೊರಿಯಾದವರು, ತಾಯಿ ಜಪಾನಿನವರು, ಹುಟ್ಟಿದ್ದು 1898ರಲ್ಲಿ ಜಪಾನಿನಲ್ಲಿ. 1935ರಲ್ಲಿ ಅವರು ಪ್ರಕಟಿಸಿದ ಲೇಖನ ಇವತ್ತಿಗೂ ಸಸ್ಯವಿಜ್ಞಾನದ ಪಾಠ. ಬ್ರಾಸಿಕಾ ರಾಪಾದಲ್ಲಿ 10 ಜೋಡಿ ಕ್ರೋಮೋಸೋಮು, ಕರಿ ಸಾಸಿವೆ ಎನ್ನುವ ಬ್ರಾಸಿಕಾ ನೈಗ್ರಾದಲ್ಲಿ 8 ಜೋಡಿ. ಎರಡೂ ಬೆರೆತು ಹುಟ್ಟಿದ್ದು 18 ಜೋಡಿಯ ಬ್ರಾಸಿಕಾ ಜುನ್ಸಿಯಾ, ಅಂದರೆ ಭಾರತದ ಹೊಲಗಳ ಸಾಸಿವೆ. ಹಾಗಾಗಿ ನಾವು ದಿನಾ ಸಿಡಿಸುವ ಸಾಸಿವೆಯಲ್ಲಿ ಚೀನಾ ಕೋಸಿನ ಜಾತಿಯ ಪಾಲು ಅರ್ಧಕ್ಕಿಂತ ಹೆಚ್ಚಿದೆ. ಈ ವಿಜ್ಞಾನಿ 1950ರಲ್ಲಿ ಕೊರಿಯಾಕ್ಕೆ ಹೋಗಿ ನೆಲೆಸಿದರು. ಕಿಮ್ಚಿ ಇಲ್ಲದೆ ಊಟವಿಲ್ಲದ ಆ ನಾಡು ಕೋಸು, ಮೂಲಂಗಿಯ ಬೀಜಕ್ಕೆ ಜಪಾನಿನ ಕಡೆ ನೋಡುತ್ತಿತ್ತು. 1959ರಲ್ಲಿ ತೀರಿಕೊಳ್ಳುವ ತನಕ ಅವರು ಮಾಡಿದ್ದು ಆ ನಾಡಿನದೇ ಬೀಜ ಕಟ್ಟುವ ಕೆಲಸ. ಒಂದು ನಾಡಿನ ಊಟದ ತಟ್ಟೆಗೆ ಒಬ್ಬ ಮನುಷ್ಯ ಮಾಡಬಹುದಾದ ಉಪಕಾರ ಎಷ್ಟು ದೊಡ್ಡದು ಎಂದು ಅವರನ್ನು ನೆನೆದಾಗಲೆಲ್ಲ ಅನಿಸುತ್ತದೆ.

ಸಾಸಿವೆಯ ಬಳಗದ ಗಿಡಗಳಿಗೆ ಹೂ ಬಿಡುವ ಆತುರ ಹೆಚ್ಚು. ಸ್ವಲ್ಪ ಕಷ್ಟ ಬಂದರೂ ಎಲೆ ಬಿಡುವುದನ್ನು ನಿಲ್ಲಿಸಿ, ನಡುವಿನಿಂದ ಹೂದಂಟು ಎತ್ತಿ, ಬೀಜ ಕಟ್ಟಿ ಮುಗಿಸುವ ಕಡೆ ಅವುಗಳ ಗಮನ. ಎಲೆಕೋಸಿನ ಗಿಡ ಸ್ವಲ್ಪ ದೊಡ್ಡದಾದ ಮೇಲೆ ಮಾತ್ರ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಚೀನಾ ಕೋಸು ಹಾಗಲ್ಲ. ಅದರ ಬೀಜ ನೀರು ಕುಡಿದು ಮೊಳಕೆ ಕಣ್ಣು ಬಿಟ್ಟ ಗಳಿಗೆಯಿಂದಲೇ ಚಳಿ ಅದಕ್ಕೆ ತಟ್ಟುತ್ತದೆ. ಎಳೆ ಸಸಿಗೆ ಹತ್ತು ಹನ್ನೆರಡು ಡಿಗ್ರಿಯ ಚಳಿ ಕೆಲವು ದಿನ ಬಡಿದರೆ, ಆಮೇಲೆ ಬಿಸಿಲು ಬಂದೊಡನೆ ಹೂವಿಗೆ ತಿರುಗುತ್ತದೆ. ಬೀದರಿನಲ್ಲಿ, ಚಿಕ್ಕಮಗಳೂರಿನ ಎತ್ತರದ ಊರುಗಳಲ್ಲಿ ಡಿಸೆಂಬರಿನಲ್ಲಿ ಬೀಜ ಹಾಕಬೇಡಿ ಎನ್ನುವುದು ಇದಕ್ಕೇ. ಸಸಿಯ ಕಾಲ ಬೆಚ್ಚಗಿರಬೇಕು, ಗಡ್ಡೆಯ ಕಾಲ ತಂಪಾಗಿರಬೇಕು.

ಹೊರದೇಶದ ಬೀಜದ ಪೊಟ್ಟಣಗಳ ಮೇಲೆ ಜುಲೈ ನಂತರವೇ ಬಿತ್ತಿ ಎಂದು ಬರೆದಿರುತ್ತದೆ. ಅಲ್ಲಿ ಜೂನಿನ ಹಗಲು ಹದಿನಾರು ಗಂಟೆ; ಹಗಲು ಉದ್ದವಾದಷ್ಟೂ ಈ ಗಿಡ ಬೇಗ ಹೂ ಬಿಡುತ್ತದೆ. ನಮ್ಮಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯ ವ್ಯತ್ಯಾಸ. ಆ ಸೂಚನೆ ನಮಗೆ ಬೇಕಿಲ್ಲ, ನಾವು ನೋಡಬೇಕಾದ್ದು ಬಿಸಿಲಿನ ಕಾವನ್ನು. ಬೀಜ ಕೊಳ್ಳುವಾಗ ಕಾವು ತಡೆಯುವ ತಳಿ ಹೌದೇ ಎಂದು ಕೇಳಿ. ತೈವಾನಿನಲ್ಲಿ 1971ರಲ್ಲಿ ಹುಟ್ಟಿದ ಏಷ್ಯಾದ ತರಕಾರಿ ಸಂಶೋಧನಾ ಕೇಂದ್ರ ಮೊದಲು ಕೈಗೆತ್ತಿಕೊಂಡ ಬೆಳೆಗಳಲ್ಲಿ ಚೀನಾ ಕೋಸೂ ಒಂದು. ಬಿಸಿ ನಾಡುಗಳಲ್ಲಿ ಗಡ್ಡೆ ಕಟ್ಟುವ ತಳಿಗಳು ಇವತ್ತು ನಮ್ಮ ಕೈಗೆ ಸಿಗುವುದರ ಹಿಂದೆ ಆ ಕೇಂದ್ರದ ದುಡಿಮೆ ಇದೆ.

ಈಗ ಕೆಲಸಕ್ಕೆ ಬರೋಣ. ಈ ಗಿಡವನ್ನು ಎಲ್ಲೂ ತಡೆಯಬಾರದು. ಬೀಜದಿಂದ ಕೊಯ್ಲಿನವರೆಗೆ ಒಂದೇ ಓಟದಲ್ಲಿ ಬೆಳೆಯಬೇಕು. ಒಂದು ದಿನ ನೀರು ತಪ್ಪಿದರೆ, ಬೇರು ಹರಿದರೆ, ಕುಂಡ ಚಿಕ್ಕದಾದರೆ ಅದರ ಓಟ ನಿಲ್ಲುತ್ತದೆ. ನಿಂತ ಗಿಡ ಮತ್ತೆ ಹೊರಡುವುದು ಹೂವಿನ ಕಡೆಗೇ.

ಆದ್ದರಿಂದ ಸಸಿಯನ್ನು ಒಟ್ಲಿನಲ್ಲಿ ಒತ್ತಾಗಿ ಎಬ್ಬಿಸಿ ಕಿತ್ತು ನೆಡುವುದಕ್ಕಿಂತ, ಪ್ರೋಟ್ರೇಯಲ್ಲೋ ತಳಕ್ಕೆ ತೂತು ಮಾಡಿದ ಕಾಗದದ ಲೋಟದಲ್ಲೋ ಎರಡೆರಡು ಬೀಜ ಹಾಕುವುದು ಮೇಲು. ಬೀಜ ಸಾಸಿವೆ ಕಾಳಿನಂತೆಯೇ ಇರುತ್ತದೆ. ಅರ್ಧ ಇಂಚಿಗಿಂತ ಆಳ ಬೇಡ. ಮೂರು ನಾಲ್ಕು ದಿನಕ್ಕೆ ಮೊಳೆಯುತ್ತದೆ. ಎರಡೂ ಎದ್ದರೆ ಸೊರಗಿದ್ದನ್ನು ಕೀಳಬೇಡಿ, ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗಾಡುತ್ತದೆ. ಮೊದಲ ದಿನದಿಂದಲೇ ಒಳ್ಳೆಯ ಬೆಳಕು ಬೇಕು, ಅಡುಗೆಮನೆಯ ಕಿಟಕಿಯಲ್ಲಿಟ್ಟರೆ ಸಸಿ ಉದ್ದಕ್ಕೆ ಎಳೆದುಕೊಂಡು ಬೀಳುತ್ತದೆ. ನಾಲ್ಕೈದು ಎಲೆ ಬಂದ ಮೇಲೆ, ಅಂದರೆ ಮೂರು ವಾರ ದಾಟಿದ ಮೇಲೆ, ಸಂಜೆ ಹೊತ್ತು ಮಣ್ಣಿನ ಹೆಂಟೆ ಸಮೇತ ನಾಟಿ ಮಾಡಿ. ಗಡ್ಡೆಯ ಬಗೆಗೆ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಬೊಕ್ ಚಾಯ್‌ಗೆ ಒಂದು ಗೇಣು. ಕುಂಡವಾದರೆ ಗಡ್ಡೆಯ ಗಿಡಕ್ಕೆ ಅಡಿ ಅಗಲ, ಅಡಿ ಆಳದ್ದು ಒಂದೊಂದು ಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಮೇಲೊಂದು ಹಿಡಿ ಬೇವಿನ ಹಿಂಡಿ. ಕಳೆದ ಸಲ ಮೂಲಂಗಿ, ಹೂಕೋಸು, ಸಾಸಿವೆ ಸೊಪ್ಪು ಬೆಳೆದ ಮಣ್ಣನ್ನು ಇದಕ್ಕೆ ಕೊಡಬೇಡಿ, ಅವುಗಳ ರೋಗವೆಲ್ಲ ಇದಕ್ಕೂ ಹತ್ತುತ್ತದೆ. ಹುರುಳಿಕಾಯಿಯೋ ಹೆಸರೋ ಬೆಳೆದ ಮಣ್ಣಾದರೆ ಬಹಳ ಒಳ್ಳೆಯದು.

ನೀರು ದಿನವೂ ಬೇಕು, ಬುಡಕ್ಕೆ ಬೇಕು, ಬೆಳಗ್ಗೆ ಬೇಕು. ಬೇರು ಮೇಲುಮೇಲೆ ಹರಡುವುದರಿಂದ ತಾರಸಿಯಲ್ಲಿ ಒಂದು ಮಧ್ಯಾಹ್ನ ಮಣ್ಣು ಒಣಗಿದರೂ ಗಿಡಕ್ಕೆ ಗೊತ್ತಾಗುತ್ತದೆ. ಸಂಜೆ ತಲೆಯ ಮೇಲಿಂದ ನೀರು ಹಾಕಿದರೆ ಗಡ್ಡೆಯೊಳಗೆ ನಿಂತು ಮೆದು ಕೊಳೆ ಬರುತ್ತದೆ. ಆ ಕೊಳೆತದ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಆ ಗಿಡ ಉಳಿಯುವುದಿಲ್ಲ; ಬುಡಸಮೇತ ತೆಗೆದು ದೂರ ಹಾಕಿ, ಗೊಬ್ಬರದ ಗುಂಡಿಗೆ ಸೇರಿಸಬೇಡಿ. ನಾಟಿಯಾದ ಎರಡು ವಾರಕ್ಕೆ ಒಮ್ಮೆ, ಗಡ್ಡೆ ಮಡಿಚಲು ಶುರುವಾದಾಗ ಒಮ್ಮೆ, ಕಡಲೆಕಾಯಿ ಹಿಂಡಿ ನೆನೆಸಿ ತಿಳಿ ಮಾಡಿದ ನೀರು ಕೊಟ್ಟರೆ ಸಾಕು. ಸೊಪ್ಪು ತಾನೇ ಎಂದು ಯೂರಿಯಾ ಸುರಿದರೆ ಎಲೆ ಕೊಬ್ಬಿ ಹೇನಿಗೂ ಕೊಳೆಗೂ ಆಹಾರವಾಗುತ್ತದೆ.

ಗಡ್ಡೆ ಬೇಗ ಬಿಗಿಯಲಿ ಎಂದು ಕೆಲವರು ಹೊರಗಿನ ಎಲೆಗಳನ್ನು ದಾರದಿಂದ ಕಟ್ಟುತ್ತಾರೆ. ಕಟ್ಟಿದರೆ ಗಡ್ಡೆಯಾಗುವುದಿಲ್ಲ. ಹೊರ ಎಲೆಗಳು ಬಿಸಿಲುಂಡು ಅಡುಗೆ ಮಾಡಿ ಬಡಿಸಿದರೆ ಒಳ ಎಲೆ ಬೆಳೆಯುವುದು. ಅವುಗಳನ್ನು ಮುದುರಿ ಕಟ್ಟುವುದೂ ತಪ್ಪು, ಪಲ್ಯಕ್ಕೆಂದು ಆಗಾಗ ಮುರಿಯುವುದೂ ತಪ್ಪು. ಮುರಿಯುವ ಆಸೆಯಿದ್ದರೆ ಅದಕ್ಕೆ ಬೇರೆ ಬೊಕ್ ಚಾಯ್ ಬೆಳೆಸಿಕೊಳ್ಳಿ. ಇನ್ನೊಂದು ತೊಂದರೆ, ಗಡ್ಡೆಯನ್ನು ಸೀಳಿದಾಗ ಒಳ ಎಲೆಗಳ ಅಂಚು ಕಂದಿ ಸುಟ್ಟಂತೆ ಕಾಣುವುದು. ಇದು ರೋಗವಲ್ಲ, ಸುಣ್ಣದಂಶದ ಕೊರತೆ. ಮಣ್ಣಿನಲ್ಲಿ ಸುಣ್ಣವಿದ್ದರೂ ಹೀಗಾಗುತ್ತದೆ. ಸುಣ್ಣದಂಶ ನೀರಿನ ಜೊತೆ ಏರುತ್ತದೆ; ನೀರು ಹೋಗುವುದು ಗಾಳಿಗೆ ಬಿಚ್ಚಿಕೊಂಡ ಹೊರ ಎಲೆಗಳಿಗೆ. ಮಡಿಚಿಕೊಂಡ ಒಳ ಎಲೆ ಬೆವರುವುದಿಲ್ಲ, ಅದಕ್ಕೆ ಪಾಲು ಸಿಗುವುದಿಲ್ಲ. ಮೇಲಿಂದ ಸುಣ್ಣದ ತಿಳಿ ಸಿಂಪಡಿಸಿ ಪ್ರಯೋಜನವಿಲ್ಲ. ಒಂದು ದಿನ ಬತ್ತಿಸಿ ಮರುದಿನ ಕೆರೆ ಮಾಡದೆ, ದಿನವೂ ಒಂದೇ ಸಮನೆ ನೀರು ಕೊಡುವುದೇ ಅದಕ್ಕೆ ಔಷಧಿ.

ಕೀಟದ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮನೆಯಲ್ಲಿ ಬೆಳೆದು ತಿನ್ನಿ ಎಂದು ನಾನು ಒತ್ತಾಯ ಮಾಡುವುದೇ ಇದಕ್ಕಾಗಿ. ಬೆಳಗ್ಗೆ ಒಂದು ಎಲೆಯನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಅಲ್ಲಲ್ಲಿ ಹಸಿರು ಕೆರೆದು ಹೋಗಿ, ಮೇಲಿನ ತೆಳು ಪೊರೆ ಮಾತ್ರ ಉಳಿದು, ಗಾಜಿನ ಕಿಂಡಿಗಳ ಹಾಗೆ ಬೆಳಕು ಬಿಟ್ಟರೆ ವಜ್ರ ಬೆನ್ನಿನ ಪತಂಗದ ಮರಿ ಬಂದಿದೆ ಎಂದು ತಿಳಿಯಬೇಕು. ಎಲೆಯ ಅಡಿಯಲ್ಲಿ ಹುಡುಕಿದರೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ, ಎರಡು ತುದಿಯೂ ಚೂಪಾದ ಹಸಿರು ಹುಳು. ಮುಟ್ಟಿದೊಡನೆ ಹಿಂದಕ್ಕೆ ಹೊರಳಿ ಒದ್ದಾಡಿ, ರೇಷ್ಮೆಯಂಥ ಎಳೆ ಬಿಟ್ಟು ಎಲೆಯಿಂದ ಕೆಳಗೆ ಜೋತಾಡುತ್ತದೆ. ಕೈ ತೆಗೆದು ಕಾದು ನೋಡಿ, ಅದೇ ಎಳೆ ಹಿಡಿದು ಮೇಲೇರಿ ತಿನ್ನಲು ಕೂರುತ್ತದೆ. ಪತಂಗವೋ, ರೆಕ್ಕೆ ಮಡಿಚಿ ಕೂತಾಗ ಬೆನ್ನ ಮೇಲೆ ತಿಳಿ ಬಣ್ಣದ ವಜ್ರಾಕೃತಿಗಳ ಸಾಲು ಕಾಣುವ ಪುಟ್ಟ ಕಂದು ಜೀವ.

ಈ ಪುಟ್ಟ ಜೀವದ ಮುಂದೆ ಡಿಡಿಟಿ ಸೋತಿದೆ. 1953ರಲ್ಲಿ ಜಾವಾ ದ್ವೀಪದಿಂದ ಬಂದ ವರದಿಯಲ್ಲಿ ಡಿಡಿಟಿಗೆ ಬಗ್ಗದ ಬೆಳೆಕೀಟವಾಗಿ ಇದು ಕಾಣಿಸಿಕೊಂಡಿತು. ಆಮೇಲೆ ಬಂದ ಒಂದೊಂದು ಔಷಧಿಯನ್ನೂ ಅರಗಿಸಿಕೊಳ್ಳುತ್ತ ಬಂತು. ಹಾಗಾಗಿ ಮಾರುಕಟ್ಟೆಗೆ ಕೋಸು ಬೆಳೆಯುವವರು ಪದೇ ಪದೇ, ಬದಲಿಸಿ ಬದಲಿಸಿ ಹೊಡೆಯಬೇಕಾಗುತ್ತದೆ. ಅವರನ್ನು ದೂರಿ ಫಲವಿಲ್ಲ, ಎಲೆಯಲ್ಲಿ ತೂತಿದ್ದರೆ ಕೊಳ್ಳದವರು ನಾವೇ. ನಾಲ್ಕು ಕುಂಡದವರಿಗೆ ಆ ಗೋಜು ಯಾಕೆ? ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಎಲೆಕೋಸಿನ ರೈತರಿಗೆ ಬಹಳ ಹಿಂದೆಯೇ ಒಂದು ದಾರಿ ತೋರಿಸಿತು. 25 ಸಾಲು ಕೋಸಿನ ಪಕ್ಕಕ್ಕೆ ಸಾಸಿವೆಯ ಸಾಲು. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾಗಿ 25 ದಿನದ ಮೇಲೆ ಬಿತ್ತುವುದು. ಸಾಸಿವೆಯ ಘಾಟು ಪತಂಗಕ್ಕೆ ಕೋಸಿಗಿಂತ ಹೆಚ್ಚು ಹಿಡಿಸುತ್ತದೆ, ಹೋಗಿ ಅಲ್ಲಿ ಮೊಟ್ಟೆ ಇಡುತ್ತದೆ. ಕೈತೋಟದಲ್ಲಿ ಇದನ್ನು ಅನುಸರಿಸುವುದು ಇನ್ನೂ ಸುಲಭ: ಒಗ್ಗರಣೆ ಡಬ್ಬಿಯ ಸಾಸಿವೆಯನ್ನೇ ಎರಡು ಕುಂಡಕ್ಕೆ ಈಗಲೇ ಚೆಲ್ಲಿ, ಚೀನಾ ಕೋಸಿನ ಎರಡು ಬದಿಗಿಡಿ. ಮೊಟ್ಟೆ, ಮರಿ ತುಂಬಿದ ಸಾಸಿವೆ ಎಲೆಯನ್ನು ಕಿತ್ತು ಸೋಪಿನ ನೀರಿಗೆ ಹಾಕಿ. ಬೇವಿನ ಬೀಜದ ಕಷಾಯವನ್ನೂ ಅದೇ ಸಂಸ್ಥೆ ಶಿಫಾರಸು ಮಾಡುತ್ತದೆ. ಸುಮಾರು 40 ಗ್ರಾಂ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಹಿಂಡಿ ಸೋಸಿ, ಚೂರು ಸೋಪು ಕರಗಿಸಿ, ಸಂಜೆ ಎಲೆಯ ಅಡಿಭಾಗಕ್ಕೆ ಬೀಳುವಂತೆ ಸಿಂಪಡಿಸಬೇಕು. ಅದಕ್ಕೂ ಮೊದಲು ಹಳೆಯ ಸೊಳ್ಳೆಪರದೆಯನ್ನು ಕುಂಡಗಳ ಮೇಲೆ ಹೊದಿಸಿ ಅಂಚಿಗೆ ಕಲ್ಲಿಟ್ಟರೆ ಪತಂಗದ ಕಾಟ ಅರ್ಧ ಕಡಿಮೆಯಾಗುತ್ತದೆ. ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯುವುದೇ ಸರಿ.

ಇಷ್ಟೆಲ್ಲ ಮಾಡಿದರೂ ಒಂದೆರಡು ಗಿಡ ಹೂವಿಗೆ ತಿರುಗಬಹುದು. ಕಿತ್ತು ಎಸೆಯಬೇಡಿ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆ ಇದೇ ಜಾತಿಯ ಚಾಯ್ ಸಮ್ ಎಂಬ ಬಗೆಯನ್ನು ಹೂದಂಟಿಗಾಗಿಯೇ ಬೆಳೆಯುತ್ತಾರೆ. ಮೊಗ್ಗು ಬಿರಿಯುವ ಮೊದಲು ಒಂದು ಗೇಣು ದಂಟನ್ನು ಎಲೆ ಸಮೇತ ಮುರಿದು ಹುರಿದರೆ ಅದರ ರುಚಿ ಗಡ್ಡೆಯ ರುಚಿಗಿಂತ ಮೇಲು ಎಂದು ನನಗನಿಸುತ್ತದೆ. ಬೀಜಕ್ಕೆ ಬಿಡಬೇಕೆಂದರೆ ಮಾತ್ರ ಎಚ್ಚರ. ಜೇನುನೊಣ ಇದರ ಹೂವಿಗೂ ಬೊಕ್ ಚಾಯ್, ಟರ್ನಿಪ್ ಹೂವಿಗೂ ಭೇದ ಮಾಡುವುದಿಲ್ಲ, ತಳಿ ಬೆರಕೆಯಾಗುತ್ತದೆ. ಜಪಾನಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿ ಗಡ್ಡೆಯ ಬಗೆಯ ಬೀಜ ಶುದ್ಧವಾಗಿ ಉಳಿಸಲು ಹೆಣಗಾಡಿದವರು ಕಡೆಗೆ ಮಾಡಿದ್ದು, ಮತ್ಸುಶಿಮಾ ಕೊಲ್ಲಿಯ ಪುಟ್ಟ ದ್ವೀಪಗಳಿಗೆ ಒಯ್ದು, ನೀರಿನ ನಡುವೆ ಬೇರೆ ಹೂವಿಲ್ಲದ ಕಡೆ ಬೀಜ ಕಟ್ಟಿಸಿದ್ದು. ನಮಗೆ ಪೇಟೆಯ ಪೊಟ್ಟಣವೇ ಸಾಕು. ಬಾಯಿ ಭದ್ರವಾಗಿ ಮುಚ್ಚಿ ಒಣಗಿದ ಜಾಗದಲ್ಲಿಟ್ಟರೆ ಮೂರು ವರ್ಷ ಮೊಳೆಯುತ್ತದೆ. ಎಲ್ಲವನ್ನೂ ಒಂದೇ ಸಲ ಬಿತ್ತಬೇಡಿ. ಹಸ್ತಕ್ಕೊಂದಿಷ್ಟು, ಚಿತ್ತೆ ಮುಗಿಯುವಾಗ ಒಂದಿಷ್ಟು, ವಿಶಾಖಕ್ಕೆ ಬೊಕ್ ಚಾಯ್ ಮಾತ್ರ.

ಅಂಗೈಯಿಂದ ತಲೆ ಒತ್ತಿದಾಗ ಗಟ್ಟಿಯಾಗಿ ತಡೆದರೆ ಗಡ್ಡೆ ಕೊಯ್ಲಿಗೆ ಬಂದಿದೆ. ಹೆಚ್ಚು ದಿನ ಬಿಟ್ಟರೆ ಸೀಳುತ್ತದೆ. ಇದರ ತೂಕದಲ್ಲಿ ನೂರಕ್ಕೆ 95 ಪಾಲು ನೀರು, ಹಾಗಾಗಿ ನಮ್ಮ ಎಲೆಕೋಸಿನ ಪಲ್ಯದ ಕ್ರಮ ಇದಕ್ಕೆ ನಡೆಯುವುದಿಲ್ಲ. ದಂಟು, ಎಲೆ ಬೇರೆ ಬೇರೆ ಹೆಚ್ಚಿಕೊಳ್ಳಿ. ಕಡಲೆಬೇಳೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆಗೆ ದಂಟು ಹಾಕಿ, ದೊಡ್ಡ ಉರಿಯಲ್ಲಿ ಕೈಯಾಡಿಸಿ, ಎಲೆಯನ್ನು ಕೊನೆಗೆ ಸೇರಿಸಿ, ಬಾಡಿದ ಕೂಡಲೇ ಇಳಿಸಿ ಉಪ್ಪು, ಕಾಯಿತುರಿ ಉದುರಿಸಬೇಕು. ಉಪ್ಪು ಮೊದಲೇ ಬಿದ್ದರೆ ನೀರು ಬಿಟ್ಟು ಬೆಂದ ಸೊಪ್ಪಾಗುತ್ತದೆ. ಹುಳಿಗೆ ಇದು ಹೊಂದುವುದಿಲ್ಲ. ಗಡ್ಡೆಯ ನಡುವಿನ ಹಳದಿ ಎಲೆಗಳನ್ನು ಮಾತ್ರ ಬೇಯಿಸದೆ ಹೆಸರುಬೇಳೆ ಕೋಸಂಬರಿಗೆ ಹೆಚ್ಚಿ ಹಾಕಿ, ಸಿಹಿಯಾಗಿ ಗರಿಗರಿ ಇರುತ್ತವೆ.

ಬೊಕ್ ಚಾಯ್ ಬಗ್ಗೆ ಮಕ್ಕಳಿರುವ, ವಯಸ್ಸಾದವರಿರುವ ಮನೆಗಳಿಗೆ ಒಂದು ಮಾತು. 100 ಗ್ರಾಂ ಸೊಪ್ಪಿನಲ್ಲಿ ಸುಮಾರು 100 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಕ್‌ನಲ್ಲೂ ಅಷ್ಟೇ ಇದೆ, ಆದರೆ ಅದರ ಆಕ್ಸಲೇಟು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ದಕ್ಕುವುದು ನೂರಕ್ಕೆ ಐದರಷ್ಟು. ಬೊಕ್ ಚಾಯ್‌ನಲ್ಲಿ ಆಕ್ಸಲೇಟು ತೀರ ಕಡಿಮೆ. ಅದರ ಕ್ಯಾಲ್ಸಿಯಂ ಹಾಲಿನದಕ್ಕೆ ಕಡಿಮೆಯಿಲ್ಲದಂತೆ ಹೀರಿಕೆಯಾಗುತ್ತದೆ. ಹಾಲು ಒಗ್ಗದವರಿಗೆ ವಾರಕ್ಕೆ ಎರಡು ಮೂರು ಸಲ ಇದನ್ನು ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಹುರಿದು ಕೊಡಿ. ಥೈರಾಯ್ಡ್ ತೊಂದರೆ ಇರುವವರು ಈ ಬಳಗದ ಸೊಪ್ಪನ್ನು ಹಸಿಯಾಗಿ ರಸ ತೆಗೆದು ಕುಡಿಯುವುದು ಬೇಡ, ಬೇಯಿಸಿ ಮಿತವಾಗಿ ತಿನ್ನಲಿ. ಕೊಯ್ಯುವಾಗ ಬುಡದಲ್ಲಿ ಒಂದಂಗುಲ ಬಿಟ್ಟು ಚಾಕುವಿನಿಂದ ಕತ್ತರಿಸಿದರೆ ಬೊಕ್ ಚಾಯ್ ಅದೇ ಬುಡದಿಂದ ಇನ್ನೊಮ್ಮೆ ಚಿಗುರುತ್ತದೆ. ಎರಡನೆಯ ಕೊಯ್ಲಿನ ಎಲೆ ಚಿಕ್ಕದು, ಒಂದು ಹೊತ್ತಿನ ಸಾರಿಗೆ ಸಾಕಾಗುತ್ತದೆ.